ಒಂದೇ ಹೆಸರಿನ ಬೆನ್ನು ಹತ್ತಿ ಕ್ಲೇರ್ ಸುತ್ತು: ಓಬ್ರಿಯನ್ ಟೂರ್ ಹೇಗಿದೆ?

ಐರ್ಲೆಂಡಿನ ಲಿಮೆರಿಕ್‌ನಿಂದ ಹೊರಟು, ಪಕ್ಕದ ಕ್ಲೇರ್ ಕೌಂಟಿಯಲ್ಲಿ ಓಬ್ರಿಯನ್ ಮನೆತನದ ಜಾಗಗಳನ್ನು ಸುತ್ತಿಸುವ ಓಬ್ರಿಯನ್ ಟೂರ್‌ಗೆ ಹೋಗಬಹುದಾ ಅಂತ ಇಲ್ಲಿನ ಕನ್ನಡದ ಗೆಳತಿಯರು ಕೇಳುತ್ತಲೇ ಇದ್ದಾರೆ. ಖಂಡಿತ ಹೋಗಿ. ಊಟ ಮಾತ್ರ ಮನೆಯಿಂದಲೇ ಕಟ್ಟಿಕೊಂಡು ಹೋಗಿ.

ಎಂಟು ಜನ ಕೂರುವ ವ್ಯಾನ್. ಬೆಳಗ್ಗೆ ಹೊರಟು ಸಂಜೆ ವಾಪಸ್. ತಲೆಗೆ 75 ಯೂರೋ, ಕೋಟೆಗಳ ಟಿಕೆಟ್ ಸೇರಿ. ಗಂಡ ಹೆಂಡತಿ ಸೇರಿ ನಡೆಸುವ ಚಿಕ್ಕ ವ್ಯವಹಾರ ಇದು. ಕುಂದುಕೊರತೆಗಳನ್ನು ಅವರಿಗೇ ಬರೆದು ಕಳಿಸಿದ್ದೇನೆ, ಹಾಗಾಗಿ ಹೆಸರು ಇಲ್ಲಿ ಹಾಕುವುದಿಲ್ಲ. ಮೈಸೂರಿನಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಕೋಟೆ, ಚರ್ಚು ಅಂದರೆ ಅಷ್ಟಕ್ಕಷ್ಟೇ. ಅವರು ಬಂದದ್ದು ಓಬ್ರಿಯನ್ ಅನ್ನುವ ಹೆಸರಿಗೋಸ್ಕರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಉಳಿದ ಟೂರ್‌ಗಳು ಜಾಗಗಳನ್ನು ತೋರಿಸುತ್ತವೆ. ಇವರು ಒಂದು ಹೆಸರನ್ನು ಹಿಡಿದು ಹೊರಡುತ್ತಾರೆ. ಬ್ರಿಯನ್ ಬೊರು ಇದೇ ಸೀಮೆಯವನು. 1002ರಲ್ಲಿ ಐರ್ಲೆಂಡಿನ ಮಹಾರಾಜನಾದ. 1014ರ ಏಪ್ರಿಲ್ 23ರಂದು, ಗುಡ್ ಫ್ರೈಡೇ ದಿನ, ಡಬ್ಲಿನ್ ಹತ್ತಿರದ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಅವನ ವಂಶದವರೇ ಓಬ್ರಿಯನ್‌ಗಳು. ಇಲ್ಲಿಂದ ಶುರುವಾಗಿ ಸಾವಿರ ವರ್ಷದ ಕತೆಯನ್ನು ಗೈಡ್ ವ್ಯಾನ್ ಓಡಿಸುತ್ತಲೇ ಹೇಳುತ್ತಾರೆ. ಸುಮ್ನೆ ಬಾಯಿಪಾಠ ಒಪ್ಪಿಸುವುದಿಲ್ಲ. ಕೇಳಿದ್ದಕ್ಕೆ ನಿಂತು ಉತ್ತರ ಕೊಡುತ್ತಾರೆ.

ಮೊದಲು ಲಿಮೆರಿಕ್‌ನ ಸೇಂಟ್ ಮೇರೀಸ್ ಕೆಥೆಡ್ರಲ್. 1168ರಲ್ಲಿ ಡೊನಾಲ್ ಮೋರ್ ಓಬ್ರಿಯನ್ ತನ್ನ ಅರಮನೆ ಇದ್ದ ಜಾಗವನ್ನೇ ಬಿಟ್ಟುಕೊಟ್ಟು ಕಟ್ಟಿಸಿದ್ದು. ಒಳಗಿರುವ ಹದಿನೈದನೇ ಶತಮಾನದ ಮರದ ಆಸನಗಳನ್ನು ತಪ್ಪದೆ ನೋಡಿ. ಮಡಚಿದರೆ ಕೆಳಗಡೆ ಪ್ರಾಣಿಗಳ ಕೆತ್ತನೆ ಇದೆ.

ಆಮೇಲೆ ಶ್ಯಾನನ್ ನದಿಯ ದಡದ ಕಿಲ್ಲಲೂ. ಬ್ರಿಯನ್ ಹುಟ್ಟಿ ಬೆಳೆದ ಸೀಮೆ, ಅವನ ಅರಮನೆ ಇದ್ದ ಊರು. ಊರಿನಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಮರಗಳ ನಡುವೆ ಬೇಲ್ ಬೊರು ಅನ್ನುವ ದುಂಡನೆಯ ಮಣ್ಣಿನ ಕೋಟೆ ಸಿಗುತ್ತದೆ. ಅಲ್ಲಿ ಬೋರ್ಡು ಬಿಟ್ಟರೆ ಏನೂ ಇಲ್ಲ. ಆದರೂ ಇಡೀ ದಿನದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ ಜಾಗ. ಒಬ್ಬ ಮನುಷ್ಯನ ಹೆಸರು ಲಕ್ಷಾಂತರ ಮನೆಗಳಿಗೆ ಹರಡಿದ್ದು ಈ ಮಣ್ಣಿನಿಂದ ಅಲ್ವಾ! ಇಲ್ಲಿ ಅರ್ಧ ಗಂಟೆಯೂ ನಿಲ್ಲಿಸಲಿಲ್ಲ. ಇದು ನನ್ನ ಮೊದಲ ತಕರಾರು. ಆಮೇಲೆ ಹೋದ ಬನ್‌ರಾಟಿ ಕೋಟೆಯಲ್ಲಿ ಗಿಫ್ಟ್ ಅಂಗಡಿ ಸುತ್ತಲು ಕೊಟ್ಟ ಸಮಯವನ್ನು ಇಲ್ಲಿಗೆ ಕೊಡಬೇಕಿತ್ತು.

ಬನ್‌ರಾಟಿ ಕೋಟೆ ಚೆನ್ನಾಗಿದೆ. 1425ರ ಸುಮಾರಿಗೆ ಮ್ಯಾಕ್‌ನಮಾರಾ ಮನೆತನದವರು ಕಟ್ಟಿಸಿದ್ದು, ಆಮೇಲೆ ಓಬ್ರಿಯನ್‌ಗಳ ಕೈಗೆ ಬಂತು. ಹಾಳು ಬಿದ್ದಿದ್ದನ್ನು 1954ರಲ್ಲಿ ಲಾರ್ಡ್ ಗೋರ್ಟ್ ಕೊಂಡು ರಿಪೇರಿ ಮಾಡಿಸಿದರು. ಮೆಟ್ಟಿಲುಗಳು ಕಡಿದು, ಸುರುಳಿ ಸುರುಳಿ, ಒಬ್ಬರೇ ಹತ್ತುವಷ್ಟು ಜಾಗ. ಮಂಡಿ ನೋವಿರುವವರು ಕೆಳಗಿನ ದೊಡ್ಡ ಹಾಲ್ ನೋಡಿಕೊಂಡು, ಹೊರಗಿನ ಹಳ್ಳಿ ಮನೆಗಳ ಪಾರ್ಕಿನಲ್ಲಿ ಓಡಾಡುವುದೇ ವಾಸಿ. ಅಪ್ಪ ಹಾಗೇ ಮಾಡಿದರು.

ಗೈಡ್‌ಗೆ ನಿಜವಾದ ಶಭಾಸ್ ಹೇಳಬೇಕಾದದ್ದು ಲೆಮನೇ ಕೋಟೆಯ ಹತ್ತಿರ. ಅದು ಖಾಸಗಿ ಜಮೀನು, ಒಳಗೆ ಹೋಗುವ ಹಾಗಿಲ್ಲ. ಚಾವಣಿ ಇಲ್ಲದ ನಾಲ್ಕಂತಸ್ತಿನ ಗೋಡೆಯನ್ನು ರಸ್ತೆಯಿಂದಲೇ ನೋಡಬೇಕು. ಇಲ್ಲಿ ಮಾಯ್ರಾ ರೂವಾ ಅನ್ನುವ ಹೆಣ್ಣುಮಗಳಿದ್ದಳು. ಕೆಂಪು ಕೂದಲಿನವಳು, ಓಬ್ರಿಯನ್ ಮನೆಯ ಸೊಸೆ. 1651ರಲ್ಲಿ ಅವಳ ಗಂಡ ಕಾನರ್ ಓಬ್ರಿಯನ್, ಇಂಗ್ಲೆಂಡಿನಿಂದ ದಂಡೆತ್ತಿ ಬಂದಿದ್ದ ಕ್ರಾಮ್‌ವೆಲ್‌ನ ಸೈನ್ಯದ ಎದುರು ಹೋರಾಡಿ ಸತ್ತ. ಮಗನ ಆಸ್ತಿ ಕೈಬಿಟ್ಟು ಹೋಗುವ ಹೊತ್ತು. ಅವಳು ಅದೇ ಸೈನ್ಯದ ಅಧಿಕಾರಿಯೊಬ್ಬನನ್ನು ಮದುವೆಯಾದಳು. ಜಮೀನು ಉಳಿಯಿತು. ಆ ಮಗ ಡೊನೊ ಮುಂದೆ ಲೆಮನೇ ಬಿಟ್ಟು ಡ್ರೊಮೊಲ್ಯಾಂಡ್‌ಗೆ ಹೋಗಿ ನೆಲೆಸಿದ. ಸುತ್ತಮುತ್ತ ಅವಳನ್ನು ರಾಕ್ಷಸಿಯ ಹಾಗೆ ಮಾಡಿ ಹೇಳುವ ಕತೆಗಳು ಬೇಕಾದಷ್ಟಿವೆ. ಗೈಡ್ ಆ ಕತೆಗಳನ್ನೂ ಹೇಳಿದರು. ಆದರೆ ಕತೆ ಯಾವುದು, ದಾಖಲೆ ಯಾವುದು ಅಂತ ಬಿಡಿಸಿ ಹೇಳಿದರು. ಮಕ್ಕಳಿಗೋಸ್ಕರ ಒಬ್ಬ ತಾಯಿ ಪಟ್ಟ ಪಾಡನ್ನು ಇಷ್ಟು ಮರ್ಯಾದೆಯಿಂದ ಹೇಳುವ ಗೈಡ್‌ಗಳು ಕಡಿಮೆ.

ಡ್ರೊಮೊಲ್ಯಾಂಡ್ ಈಗ ಭಾರಿ ದುಬಾರಿ ಹೋಟೆಲ್. ಗೇಟಿನ ಹತ್ತಿರ ವ್ಯಾನ್ ನಿಲ್ಲಿಸಿ ವಿಲಿಯಂ ಸ್ಮಿತ್ ಓಬ್ರಿಯನ್ ವಿಷಯ ಹೇಳುತ್ತಾರೆ. 1803ರಲ್ಲಿ ಇಲ್ಲೇ, ಶ್ರೀಮಂತ ಜಮೀನ್ದಾರರ ಮನೆಯಲ್ಲಿ ಹುಟ್ಟಿದವರು. ಬರಗಾಲದಲ್ಲಿ ಜನ ಸಾಯುವುದನ್ನು ನೋಡಿ, 1848ರಲ್ಲಿ ಬ್ರಿಟಿಷ್ ಸರ್ಕಾರದ ವಿರುದ್ಧ ದಂಗೆ ಎದ್ದರು. ದಂಗೆ ಸೋತಿತು. ಮರಣದಂಡನೆ ಆಯಿತು, ಆಮೇಲೆ ಅದನ್ನು ಬದಲಿಸಿ ಟಾಸ್ಮೇನಿಯಾಕ್ಕೆ ಗಡಿಪಾರು ಮಾಡಿದರು. ಅವರ ಮೊಮ್ಮಗ ಕಾನರ್ ಓಬ್ರಿಯನ್ 1923ರಿಂದ 1925ರವರೆಗೆ ತಾನೇ ವಿನ್ಯಾಸ ಮಾಡಿದ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು.

ಅಲ್ಲೇ ಅಪ್ಪ ನನ್ನ ಕಡೆ ತಿರುಗಿ, "ಕೇಳಮ್ಮ, ಕೆವಿನ್ ಓಬ್ರಿಯನ್ ಕೂಡ ಇವರ ಪೈಕಿನಾ?" ಅಂದರು.

ಕೆವಿನ್ ಐರ್ಲೆಂಡಿನ ಕ್ರಿಕೆಟ್ ಆಟಗಾರ, ಅಪ್ಪ ಟೂರ್‌ಗೆ ಬಂದದ್ದೇ ಅವರ ಹೆಸರಿಗೋಸ್ಕರ. 2011ರ ಮಾರ್ಚ್ 2ರಂದು ಅಪ್ಪ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿದ್ದರು. ವಿಶ್ವಕಪ್, ಇಂಗ್ಲೆಂಡ್ 327 ಹೊಡೆದಿತ್ತು. ಐರ್ಲೆಂಡ್ 111ಕ್ಕೆ 5 ವಿಕೆಟ್. ಜನ ಎದ್ದು ಹೊರಡಲು ನೋಡುತ್ತಿದ್ದಾಗ, ಕೂದಲಿಗೆ ಗುಲಾಬಿ ಬಣ್ಣ ಹಾಕಿಕೊಂಡಿದ್ದ ಕೆವಿನ್ 50 ಎಸೆತಕ್ಕೆ ಸೆಂಚುರಿ ಹೊಡೆದರು. ಆ ಹೊತ್ತಿಗೆ ವಿಶ್ವಕಪ್‌ನ ಅತಿ ವೇಗದ ಸೆಂಚುರಿ ಅದು. ಕೊನೆಗೆ 63 ಎಸೆತಕ್ಕೆ 113. ಐರ್ಲೆಂಡ್ ಮೂರು ವಿಕೆಟ್‌ನಿಂದ ಗೆದ್ದಿತು. ಅಪ್ಪ ಇದನ್ನೆಲ್ಲ ಗೈಡ್‌ಗೆ ಬಾಲ್ ಬಾಲ್ ಬಿಡಿಸಿ ಹೇಳಿದರು. ನಾನು ಮಧ್ಯೆ ಇಂಗ್ಲಿಷ್ ಮಾಡುತ್ತಾ ಹೋದೆ. ವ್ಯಾನಿನಲ್ಲಿದ್ದ ಜರ್ಮನಿಯ ದಂಪತಿ ಕೂಡ ಬಾಯಿ ಬಿಟ್ಟುಕೊಂಡು ಕೇಳಿದರು.

ಗೈಡ್ ಇಲ್ಲಿ ಸುಳ್ಳು ಹೊಗಳಿಕೆಗೆ ಹೋಗಲಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಕೆವಿನ್ ಮತ್ತು ಅವರ ಅಣ್ಣ ನಾಯಲ್ ಡಬ್ಲಿನ್‌ನವರು. ಡ್ರೊಮೊಲ್ಯಾಂಡ್‌ನವರ ಹತ್ತಿರ ಬ್ರಿಯನ್‌ವರೆಗೆ ವಂಶಾವಳಿ ಇದೆ, ಬೇರೆ ಮನೆಗಳಲ್ಲಿ ಹೆಸರು ಇದ್ದ ಮಾತ್ರಕ್ಕೆ ನೆಂಟಸ್ತನ ಹೇಳಲಾಗದು ಅಂದರು. ಅದಕ್ಕೆ ಕುದುರೆ ರೇಸಿನ ಉದಾಹರಣೆ ಕೊಟ್ಟರು. ವಿನ್ಸೆಂಟ್ ಓಬ್ರಿಯನ್ ತಯಾರು ಮಾಡಿದ ಕುದುರೆಗಳು 1953, 54, 55, ಮೂರು ವರ್ಷ ಸತತವಾಗಿ ಗ್ರ್ಯಾಂಡ್ ನ್ಯಾಷನಲ್ ಗೆದ್ದವು. ಟಿಪ್ಪರೆರಿಯ ಬ್ಯಾಲಿಡೋಯ್ಲ್‌ನಲ್ಲಿ ಅವರು ಕಟ್ಟಿದ ಲಾಯವನ್ನು ಈಗ ನಡೆಸುತ್ತಿರುವವರು ಏಡನ್ ಓಬ್ರಿಯನ್. ಅದೇ ಹೆಸರು, ಅದೇ ಲಾಯ, ಅದೇ ಕೆಲಸ. ನೆಂಟಸ್ತನ ಮಾತ್ರ ಇಲ್ಲ. "ನಮ್ಮಲ್ಲಿ ಗೌಡರೆಲ್ಲ ನೆಂಟರಾ ಮತ್ತೆ?" ಅಂತ ಅಪ್ಪ ತಲೆದೂಗಿದರು.

ಎರಡನೇ ತಕರಾರು ದೊಡ್ಡದು. ಕಾದಂಬರಿಗಾರ್ತಿ ಎಡ್ನಾ ಓಬ್ರಿಯನ್ ಹೆಸರೇ ಎತ್ತಲಿಲ್ಲ. ಅವರು ಹುಟ್ಟಿದ ಟ್ವಾಮ್‌ಗ್ರೇನಿ ಇದೇ ಕ್ಲೇರ್‌ನಲ್ಲಿದೆ, ಕಿಲ್ಲಲೂಗೆ ದೂರವೇನಲ್ಲ. ಹಳ್ಳಿಯ ಹುಡುಗಿಯರ ಆಸೆ, ಸಂಕಟಗಳನ್ನು ಬಿಚ್ಚಿ ಬರೆದರು ಅಂತ 1960ರಲ್ಲಿ ಅವರ ಮೊದಲ ಕಾದಂಬರಿಯನ್ನೇ ಐರ್ಲೆಂಡ್ ನಿಷೇಧ ಮಾಡಿತ್ತು. 2024ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಲಾಕ್ ಡರ್ಗ್ ಸರೋವರದ ಹೋಲಿ ಐಲ್ಯಾಂಡ್‌ನಲ್ಲಿ ಮಣ್ಣು ಮಾಡಿದರು. ನಾವು ಅದೇ ಸರೋವರದ ಪಕ್ಕದಲ್ಲೇ ನಿಂತಿದ್ದೆವು! ರಾಜರಿಗೂ ಜಮೀನ್ದಾರರಿಗೂ ಅಷ್ಟು ಹೊತ್ತು ಕೊಡುವ ಟೂರ್, ಆ ಹೆಸರನ್ನು ನಮ್ಮ ಕಾಲದಲ್ಲಿ ಜಗತ್ತಿಗೆ ಮುಟ್ಟಿಸಿದ ಹೆಣ್ಣುಮಗಳಿಗೆ ಐದು ನಿಮಿಷ ಕೊಡಲೇಬೇಕು. ಅವರಿಗೆ ಬರೆದ ಪತ್ರದಲ್ಲಿ ಇದನ್ನೇ ಮೊದಲು ಹಾಕಿದ್ದೇನೆ.

ಕೊನೆಗೆ ಮೋಹರ್ ಬಂಡೆಗಳು. 214 ಮೀಟರ್ ಎತ್ತರ, ಕೆಳಗೆ ಅಟ್ಲಾಂಟಿಕ್. ಮೇಲಿರುವ ಕಲ್ಲಿನ ಗೋಪುರವನ್ನು 1835ರಲ್ಲಿ ಕಾರ್ನೀಲಿಯಸ್ ಓಬ್ರಿಯನ್ ಕಟ್ಟಿಸಿದ್ದು, ನೋಡಲು ಬರುವವರಿಗೋಸ್ಕರ. ಬಂಡೆ ಒಂದನ್ನು ಬಿಟ್ಟು ಸುತ್ತ ಇರುವುದನ್ನೆಲ್ಲ ಕಟ್ಟಿಸಿದ್ದು ಕಾರ್ನೀಲಿಯಸ್ಸೇ ಅಂತ ಊರಲ್ಲಿ ಹೇಳುತ್ತಾರೆ. ಗೋಪುರ ಹತ್ತಿದರೆ ಬಿಸಿಲಿದ್ದ ದಿನ ಆರನ್ ದ್ವೀಪಗಳು ಕಾಣುತ್ತವೆ. ನಮಗೆ ಕಂಡವು.

ಇನ್ನು ಊಟ. ವೆಜ್ ಸಿಗುತ್ತದೆ ಅಂತ ಬುಕ್ ಮಾಡುವಾಗ ಬರೆದು ಕೊಟ್ಟಿದ್ದರು. ದಾರಿಯ ಪಬ್ಬಿನಲ್ಲಿ ಸೂಪ್ ಮಾಡಿದ್ದು ಕೋಳಿ ಸಾರಿನಲ್ಲಿ. ಅಪ್ಪನಿಗೆ ಚಿಪ್ಸ್, ಬ್ರೆಡ್ಡು, ಟೀ ಅಷ್ಟೇ ಗತಿ. ಬ್ಯಾಗಿನಲ್ಲಿ ಚಪಾತಿ ಪಲ್ಯ ಇದ್ದದ್ದಕ್ಕೆ ಬಚಾವ್. ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ, ಜುಲೈ ಆಗಸ್ಟ್‌ನಲ್ಲಿ ಮೋಹರ್‌ನಲ್ಲಿ ವಿಪರೀತ ಜನ. ಗಾಳಿ ತಡೆಯುವ ಜಾಕೆಟ್ ಇರಲಿ, ಛತ್ರಿ ಬೇಡ, ಅಲ್ಲಿ ನಿಲ್ಲುವುದಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಎಡ್ನಾ ಅವರನ್ನು ಸೇರಿಸಿಕೊಂಡರೆ ಐದನೆಯದೂ ಕೊಡುತ್ತೇನೆ.