ಮಲ್ಲಿಗೆಗೆ ಹಟ ಇರಲಿಲ್ಲ: ಚುಕ್ಕೆ ಕುದುರೆಯ ಡಿಎನ್‌ಎ ಟೆಸ್ಟ್ ಮಾಡಿಸಿದ ಅನುಭವ

ಹೊತ್ತು ಮುಳುಗಿತೆಂದರೆ ನಮ್ಮ ಮಲ್ಲಿಗೆ ಗೇಟು ದಾಟುತ್ತಿರಲಿಲ್ಲ. ಹಗಲು ಮಗಳು ಕರೆದ ಕಡೆಗೆಲ್ಲ ಬರುವ ಕುದುರೆ, ಕತ್ತಲಾದರೆ ಕಾಲೂರಿ ನಿಂತುಬಿಡುತ್ತಿತ್ತು. ಎರಡು ಸಲ ಬೇಲಿಗೆ ಎದೆ ಬಡಿದುಕೊಂಡು ಗಾಯ ಮಾಡಿಕೊಂಡಳು. ಮಾರಿದವರು ‘ಸ್ವಲ್ಪ ಹಟ ಜಾಸ್ತಿ’ ಅಂದಿದ್ದರು. ನಾನೂ ನಂಬಿದ್ದೆ. ಹಗ್ಗ ಹಿಡಿದು ಜೋರಾಗಿ ಜಗ್ಗಿದ್ದೂ ಉಂಟು.

ನಾವಿರುವುದು ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಊರಿನಲ್ಲಿ. ಸುತ್ತ ಗೋಧಿ ಬೆಳೆಯುವ ಗುಡ್ಡಗಳು. ಈ ಸೀಮೆಗೆ ಪಲೂಸ್ ಎಂದು ಹೆಸರು. ‘ಅಪಲೂಸಾ’ ಎಂಬ ಚುಕ್ಕೆ ಕುದುರೆಯ ಹೆಸರು ಬಂದದ್ದೂ ಇಲ್ಲಿಂದಲೇ. ಇಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ ಸಾಕಿ ಬೆಳೆಸಿದ ಕುದುರೆಗಳಿವು. ಪಕ್ಕದ ಐಡಹೋ 1975ರಲ್ಲಿ ಅಪಲೂಸಾವನ್ನು ತನ್ನ ರಾಜ್ಯದ ಕುದುರೆ ಎಂದು ಘೋಷಿಸಿತು.

ಮಲ್ಲಿಗೆಯನ್ನು ನೋಡಿದರೆ ಚುಕ್ಕೆ ಕುದುರೆ ಅಂತ ಅನಿಸುವುದೇ ಇಲ್ಲ. ಮೈಯೆಲ್ಲ ಬಿಳಿ. ಪಕ್ಕೆಯ ಮೇಲೆ ಕಂದು ಬಣ್ಣದ ನಾಲ್ಕೈದು ಚುಕ್ಕೆ, ಅಷ್ಟೇ. ವಯಸ್ಸಾಗಿ ಬಿಳಿಯಾದ ‘ಗ್ರೇ’ ಕುದುರೆ ಇರಬೇಕು ಎಂದು ಲಾಯದಲ್ಲಿ ಎಲ್ಲರೂ ಹೇಳುತ್ತಿದ್ದರು. ಒಂದು ದಿನ ಮಗಳ ಜೊತೆ ಅವಳ ಮೈ ತೊಳೆಯುತ್ತಿದ್ದೆ. ಕೂದಲು ಒದ್ದೆಯಾಗಿ ಒಳಗಿನ ಚರ್ಮ ಕಂಡಿತು. ಗುಲಾಬಿ! ಗ್ರೇ ಕುದುರೆಯ ಕೂದಲು ಬೆಳ್ಳಗಾದರೂ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಇವಳ ಮೂತಿಯ ಮೇಲೆ, ಬಾಲದ ಕೆಳಗೆ ಗುಲಾಬಿ ಮತ್ತು ಕಪ್ಪು ಕಲಸಿದಂಥ ಸಣ್ಣ ಸಣ್ಣ ಮಚ್ಚೆ. ಕಣ್ಣಿನ ಕಪ್ಪು ಗುಡ್ಡೆಯ ಸುತ್ತ ಮನುಷ್ಯರ ಕಣ್ಣಿನ ಹಾಗೆ ಬಿಳಿ ಕಾಣುತ್ತದೆ. ಗೊರಸಿನ ಮೇಲೆ ಉದ್ದುದ್ದ ಗೆರೆ. ಇವೆಲ್ಲ ಅಪಲೂಸಾದ ಗುರುತುಗಳು. ಚುಕ್ಕೆಗಿಂತ ಚರ್ಮವೇ ಹೆಚ್ಚು ಹೇಳುತ್ತದೆ, ನೋಡಿ.

ಮೊದಲು ಒಂದು ಖಾಸಗಿ ಕಂಪನಿಗೆ ಕೂದಲು ಕಳಿಸಿದೆ. ಹೆಸರು ಬೇಡ. ಎರಡು ತಿಂಗಳು ಕಾಯಿಸಿ, ‘ಗ್ರೇ ಅಲ್ಲ, ಮೂಲ ಬಣ್ಣ ಕೆಂಪು’ ಎಂಬ ಎರಡು ಸಾಲು ಕಳಿಸಿದರು. ಚುಕ್ಕೆಯ ಬಗ್ಗೆ ಕೇಳಿದ ಮೇಲ್‌ಗೆ ಉತ್ತರವೇ ಇಲ್ಲ. ದುಡ್ಡು ಹೋಯಿತು.

ಆಮೇಲೆ ಲಾಯದ ಒಡತಿ ಹೇಳಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ವೆಟರ್ನರಿ ಜೆನೆಟಿಕ್ಸ್ ಲ್ಯಾಬೊರೇಟರಿ. ಆನ್‌ಲೈನಲ್ಲಿ ಅರ್ಜಿ ತುಂಬಿ, ಪ್ರಿಂಟ್ ತೆಗೆದು, ಬುಡ ಸಮೇತ ಕಿತ್ತ ಕೂದಲನ್ನು ಅದಕ್ಕೆ ಅಂಟಿಸಿ ಅಂಚೆಗೆ ಹಾಕಿದರೆ ಆಯಿತು. ಕತ್ತರಿಸಿದ ಕೂದಲು ನಡೆಯುವುದಿಲ್ಲ, ಡಿಎನ್‌ಎ ಸಿಗುವುದು ಬುಡದ ಗಂಟಿನಲ್ಲಿ. ಮೂವತ್ತು ಎಳೆ ಕಳಿಸಿದೆ. ಅನೇಕ ಅಪಲೂಸಾಗಳಿಗೆ ಜೂಲೂ ಬಾಲವೂ ತೆಳು, ಮಲ್ಲಿಗೆಗೂ ಹಾಗೇ. ಅದಕ್ಕೆ ಕುತ್ತಿಗೆಯದಷ್ಟು, ಬಾಲದ್ದಷ್ಟು ಎಂದು ಕಿತ್ತೆ. ಅವಳು ಸುಮ್ನೆ ನಿಂತಿದ್ದಳು. ಎರಡು ವಾರದೊಳಗೆ ಫಲಿತಾಂಶ ಬಂತು.

ಅವರು ಡಿಎನ್‌ಎಯಲ್ಲಿ ನೋಡಿದ್ದು ಎರಡು ಗುರುತು. ಮೊದಲನೆಯದು ‘ಎಲ್‌ಪಿ’, ಅಂದರೆ ಲೆಪರ್ಡ್ ಕಾಂಪ್ಲೆಕ್ಸ್. ಟಿಆರ್‌ಪಿಎಂ1 ಎಂಬ ಜೀನಿನೊಳಗೆ ಹೊರಗಿನ ಡಿಎನ್‌ಎಯ ಒಂದು ತುಂಡು ಸೇರಿಕೊಂಡು ಈ ಚುಕ್ಕೆ ಬರುತ್ತದೆ ಎಂದು 2013ರಲ್ಲಿ ಪ್ರಕಟವಾಯಿತು. ಆ ಸಂಶೋಧನೆ ನಡೆಸಿದ ರೆಬೆಕಾ ಬೆಲೋನ್ ಆಮೇಲೆ ಇದೇ ಲ್ಯಾಬಿನ ನಿರ್ದೇಶಕಿಯಾದರು. ಎರಡನೆಯದು ‘ಪ್ಯಾಟರ್ನ್ 1’. ಮೈಯಲ್ಲಿ ಬಿಳಿ ಎಷ್ಟು ದೂರ ಹರಡಬೇಕು ಎಂಬುದರಲ್ಲಿ ಇದರ ಕೈ ದೊಡ್ಡದು. ಎಲ್‌ಪಿ ಒಂದೇ ಪ್ರತಿ ಇದ್ದು, ಅಂದರೆ ತಾಯಿ ಅಥವಾ ತಂದೆ ಒಬ್ಬರಿಂದಲೇ ಬಂದು, ಇದೂ ಜೊತೆಗಿದ್ದರೆ ಮೈತುಂಬ ಚುಕ್ಕೆಯ ‘ಲೆಪರ್ಡ್’. ಎಲ್‌ಪಿ ಎರಡು ಪ್ರತಿ ಇದ್ದು ಇದೂ ಜೊತೆಗಿದ್ದರೆ ಚುಕ್ಕೆಗಳು ಬಹುಪಾಲು ಅಳಿಸಿಹೋಗಿ ‘ಫ್ಯೂಸ್ಪಾಟ್’. ಮಲ್ಲಿಗೆಗೆ ಎರಡು ಪ್ರತಿ!

ಎರಡು ಪ್ರತಿ ಅಂದರೆ ಹುಟ್ಟಿನಿಂದಲೇ ಇರುಳುಗುರುಡು. ಅದೇ ಜೀನು ಚರ್ಮದ ಬಣ್ಣದ ಕೋಶದಲ್ಲೂ ಕೆಲಸ ಮಾಡುತ್ತದೆ, ಕಣ್ಣಿನ ಹಿಂಪರದೆಯಲ್ಲೂ ಕೆಲಸ ಮಾಡುತ್ತದೆ. ಕಡಿಮೆ ಬೆಳಕನ್ನು ಹಿಡಿಯುವ ಕೋಶಗಳ ಸುದ್ದಿ ಮುಂದಕ್ಕೆ ದಾಟುವುದೇ ಇಲ್ಲ. ಹಗಲು ಚೆನ್ನಾಗಿ ಕಾಣುತ್ತದೆ, ಕತ್ತಲಲ್ಲಿ ಏನೂ ಕಾಣುವುದಿಲ್ಲ. ಮೇಲ್ ಓದಿ ಸೀದಾ ಲಾಯಕ್ಕೆ ಹೋದೆ. ಅವಳ ಕುತ್ತಿಗೆ ತಬ್ಬಿಕೊಂಡು ತುಂಬಾ ಹೊತ್ತು ನಿಂತಿದ್ದೆ. ಜಗ್ಗಿದ್ದು ನೆನಪಾಯಿತು.

ಈ ಟೆಸ್ಟ್ ಎಲ್ಲವನ್ನೂ ಹೇಳುವುದಿಲ್ಲ, ಅದು ಗೊತ್ತಿರಬೇಕು. ಅಪಲೂಸಾಗಳಿಗೆ ಪದೇ ಪದೇ ಕಣ್ಣು ಉರಿಯೂತವಾಗುವ ಯುವಿಐಟಿಸ್ ಉಳಿದ ತಳಿಗಳಿಗಿಂತ ಜಾಸ್ತಿ. ಇರುಳುಗುರುಡು ಕಾಲ ಕಳೆದಂತೆ ಹೆಚ್ಚುವುದಿಲ್ಲ, ಆದರೆ ಯುವಿಐಟಿಸ್ ಕಣ್ಣನ್ನೇ ಕಳೆಯಬಲ್ಲದು. ಹಾಗಾಗಿ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸುವುದನ್ನು ಬಿಟ್ಟಿಲ್ಲ. ಗುಲಾಬಿ ಮೂತಿ ಬಿಸಿಲಿಗೆ ಸುಡುತ್ತದೆ. ಬೇಸಿಗೆಯಲ್ಲಿ ಮೂತಿಯವರೆಗೆ ಮುಚ್ಚುವ ಬಲೆಯ ಮುಖವಾಡ ಹಾಕುತ್ತೇವೆ.

ಮಗಳಿಗೆ ಇದರಲ್ಲಿ ಹಿಡಿಸಿದ್ದು ಬೇರೆಯೇ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷ ಹಿಂದೆ ಬರೆದ ಚುಕ್ಕೆ ಕುದುರೆಗಳಿವೆ. ಅವು ಕಲ್ಪನೆ ಎಂದು ಅನೇಕರು ಅಂದುಕೊಂಡಿದ್ದರು. ಮನುಷ್ಯ ಕುದುರೆ ಸಾಕುವುದಕ್ಕೂ ಮುಂಚಿನ 31 ಕುದುರೆಗಳ ಎಲುಬು, ಹಲ್ಲಿನ ಡಿಎನ್‌ಎ ನೋಡಿದಾಗ ಆರರಲ್ಲಿ ಈ ಎಲ್‌ಪಿ ಸಿಕ್ಕಿತು. ಅದು 2011ರ ಮಾತು. ‘ಅಮ್ಮ, ಮಲ್ಲಿಗೆಯ ಅಜ್ಜಿಯರು ಗುಹೆಯಲ್ಲಿದ್ದಾರೆ’ ಅಂತಾಳೆ.

ಬಿಳಿ ಮೈ, ಗುಲಾಬಿ ಚರ್ಮ, ಗೆರೆಯ ಗೊರಸು ಇರುವ ಕುದುರೆ ಕೊಳ್ಳುವವರಿದ್ದರೆ, ದುಡ್ಡು ಕೊಡುವ ಮೊದಲೇ ಈ ಟೆಸ್ಟ್ ಮಾಡಿಸಿ. ಮಾರುವವರನ್ನು ಕೇಳಿದರೆ ಮೂವತ್ತು ಕೂದಲು ಕೊಡದೆ ಇರುವುದಿಲ್ಲ. ಎರಡು ಪ್ರತಿ ಎಂದು ಬಂದರೂ ಬಿಡಬೇಡಿ, ಕತ್ತಲಾಗುವ ಮುಂಚೆ ಒಳಗೆ ಕರೆತನ್ನಿ, ನೀರಿನ ತೊಟ್ಟಿಯನ್ನು ಇದ್ದ ಜಾಗದಲ್ಲೇ ಇಡಿ. ನಾವು ಲಾಯದ ಬಾಗಿಲಿಗೆ ಒಂದು ಬಲ್ಬ್ ಹಾಕಿಸಿದ್ದೇವೆ. ಸಂಜೆ ಹತ್ತಿರ ಹೋಗುವಾಗ ಮಗಳು ದೂರದಿಂದಲೇ ‘ಮಲ್ಲಿಗೆ, ನಾನು ಕಣೇ, ಬಂದೆ’ ಎಂದು ಕೂಗುತ್ತಾಳೆ. ಅವಳು ಕಿವಿ ಇತ್ತ ತಿರುಗಿಸಿ ಕಾಯುತ್ತಾಳೆ.