ಆರ್ಕಮ್ ಹಾರರ್ ಕಾರ್ಡ್ ಗೇಮ್: ಮೊದಲ ಡೆಕ್ ಕಟ್ಟುವವರ ಕಣ್ಣಿನಿಂದ

ಈ ಆಟದ ಮೇಲಿನ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು: ತೀರಾ ಕಷ್ಟ, ಎಲ್ಲವೂ ಅದೃಷ್ಟ, ಪ್ರತಿ ಪರೀಕ್ಷೆಗೂ ಚೀಲದಿಂದ ಎಳೆದು ಅಂಕಕ್ಕೆ ಕೂಡುವ ಇಲ್ಲವೇ ಕಳೆಯುವ ಟೋಕನ್ ಆಟ ಕೆಡಿಸುತ್ತದೆ. ಹಲವು ವರ್ಷ ಆಡಿ, ಹೊಸಬರ ಜೊತೆಗೂ ಕುಳಿತು ನೋಡಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಆ ಸೋಲುಗಳಲ್ಲಿ ಬಹುಪಾಲು ಡೆಕ್ (ಆಟಕ್ಕೆ ಮುಂಚೆ ನಾವೇ ಆರಿಸಿಕೊಳ್ಳುವ ಕಾರ್ಡ್‌ಗಳ ಕಟ್ಟು) ಕಟ್ಟುವಾಗಲೇ ಬರೆದಿಟ್ಟವು. ಎಲ್ಲ ಕೆಲಸಕ್ಕೂ ಒಂದೊಂದು ಕಾರ್ಡ್ ತುಂಬಿಕೊಂಡ ಡೆಕ್ ಯಾವ ಕೆಲಸಕ್ಕೂ ಒದಗುವುದಿಲ್ಲ.

ಫ್ಯಾಂಟಸಿ ಫ್ಲೈಟ್ ಗೇಮ್ಸ್ ಇದನ್ನು ಹೊರತಂದದ್ದು 2016ರಲ್ಲಿ. ಆಟಗಾರರು ಪರಸ್ಪರ ಎದುರಾಳಿಗಳಲ್ಲ. 1920ರ ದಶಕದ ಆರ್ಕಮ್ ಎಂಬ ಕಾಲ್ಪನಿಕ ಊರಿನಲ್ಲಿ ಸುಳಿವು ಹುಡುಕುತ್ತ, ರಾಕ್ಷಸರನ್ನು ತಡೆಯುತ್ತ ಒಟ್ಟಾಗಿ ಗೆಲ್ಲಬೇಕು, ಇಲ್ಲವೇ ಒಟ್ಟಾಗಿ ಮುಳುಗಬೇಕು. ಕೊಳ್ಳುವುದಾದರೆ 2021ರ ಪರಿಷ್ಕೃತ ಪೆಟ್ಟಿಗೆಯನ್ನೇ ಕೊಳ್ಳಿ. ಹಳೆಯದರಲ್ಲಿ ಇಬ್ಬರಿಗಷ್ಟೇ ಸಾಮಗ್ರಿ ಇತ್ತು, ಹೆಚ್ಚಿನ ಕಾರ್ಡ್‌ಗಳು ಒಂದೊಂದೇ ಪ್ರತಿ. ಡೆಕ್‌ನಲ್ಲಿ ಒಂದು ಕಾರ್ಡಿನ ಎರಡು ಪ್ರತಿ ಇಡಲು ಅವಕಾಶವಿರುವಾಗ ಒಂದೇ ಪ್ರತಿ ಕೊಟ್ಟು ಕಟ್ಟು ಎನ್ನುವುದು ಹೊಸಬರಿಗೆ ಮಾಡುವ ಅನ್ಯಾಯ.

ಡೆಕ್‌ಗೆ ಬೇಕಾದದ್ದು 30 ಕಾರ್ಡ್. ಅದರ ಮೇಲೆ ಪಾತ್ರದ ಸ್ವಂತ ಕಾರ್ಡ್, ಸ್ವಂತ ದೌರ್ಬಲ್ಯ (ಆಡುವವರಿಗೇ ಕೆಡುಕು ಮಾಡುವ ಕಾರ್ಡ್), ಕಣ್ಣುಮುಚ್ಚಿ ಎಳೆದ ಇನ್ನೊಂದು ದೌರ್ಬಲ್ಯ. ಮೂವತ್ತು ಎಂದರೆ ಬಹಳ ಜಾಗ ಎನ್ನಿಸುತ್ತದೆ. ಆದರೆ ಶುರುವಿಗೆ ಕೈಗೆ ಬರುವುದು ಐದು, ಆಮೇಲೆ ಸುತ್ತಿಗೊಂದು. ಹದಿನೈದನೇ ಸುತ್ತಿನ ಹೊತ್ತಿಗೂ, ಬೇರೆ ದಾರಿಯಿಂದ ಕಾರ್ಡ್ ಎಳೆಯದಿದ್ದರೆ, ಕಂಡಿರುವುದು ಇಪ್ಪತ್ತಕ್ಕೂ ಕಡಿಮೆ. ‘ಒಂದು ಪ್ರತಿ ಇರಲಿ, ಬೇಕಾದಾಗ ಬಂದೀತು’ ಎಂದು ಇಟ್ಟ ಕಾರ್ಡ್ ಬೇಕಾದಾಗ ಬರುವುದಿಲ್ಲ. ಬಂದರೆ ಬೇಡದಾಗ.

ಆಟದ ಪಾತ್ರಗಳಲ್ಲೊಬ್ಬನಾದ ರೋಲಂಡ್ ಬ್ಯಾಂಕ್ಸ್‌ನನ್ನೇ ನೋಡಿ. ಕಾದಾಟ 4, ಬುದ್ಧಿ 3. ಗಾರ್ಡಿಯನ್ (ಕಾದಾಡುವವರ ವರ್ಗ) ಕಾರ್ಡ್‌ಗಳ ಜೊತೆಗೆ ಎರಡನೇ ಮಟ್ಟದವರೆಗಿನ ಸೀಕರ್ (ಸುಳಿವು ಹುಡುಕುವವರ ವರ್ಗ) ಕಾರ್ಡ್‌ಗಳನ್ನೂ ಇಟ್ಟುಕೊಳ್ಳಬಲ್ಲ. ಎರಡೂ ಬರುತ್ತದಲ್ಲ ಎಂದು ಹೊಸಬರು ಅರ್ಧ ಆಯುಧ, ಅರ್ಧ ಭೂತಗನ್ನಡಿ ತುಂಬುತ್ತಾರೆ. ಈಗ ಮೊದಲ ಸನ್ನಿವೇಶದ (ಕಥೆಯ ಮೊದಲ ಕಂತಿನ) ನೆಲಮಾಳಿಗೆಗೆ ಇಳಿಯಿರಿ. ಅಲ್ಲಿ ಸುಳಿವು ಹುಡುಕುವ ಪರೀಕ್ಷೆಯ ಕಷ್ಟ 4. ಹುಡುಕುವಾಗ ಬುದ್ಧಿಗೆ ಒಂದು ಅಂಕ ಸೇರಿಸುವ ಮ್ಯಾಗ್ನಿಫೈಯಿಂಗ್ ಗ್ಲಾಸ್ ಹಿಡಿದ ರೋಲಂಡ್‌ನ ಬುದ್ಧಿಯೂ 4. ಸರಿಸಮ ಇದೆ, ಆಗಬೇಕಲ್ಲ? ಸ್ಟ್ಯಾಂಡರ್ಡ್ ಮಟ್ಟದಲ್ಲಿ ಚೀಲದಲ್ಲಿರುವ 16 ಟೋಕನ್‌ಗಳಲ್ಲಿ, ಪಕ್ಕದಲ್ಲಿ ಒಂದೂ ಘೂಲ್ (ಹೆಣ ತಿನ್ನುವ ರಾಕ್ಷಸ) ಇಲ್ಲದಿದ್ದಾಗಲೂ, ಅವನನ್ನು ಗೆಲ್ಲಿಸುವುದು ಆರೇ: ಒಂದು +1, ಎರಡು ಸೊನ್ನೆ, ಎರಡು ತಲೆಬುರುಡೆ (ಪಕ್ಕದಲ್ಲಿರುವ ಘೂಲ್‌ಗಳಷ್ಟು ಅಂಕ ಕಳೆಯುವಂಥವು), ಪಾತ್ರಕ್ಕೆ ಒಳಿತು ಮಾಡುವ ಒಂದು ಎಲ್ಡರ್ ಸೈನ್. ಅದೇ ಗ್ಲಾಸನ್ನು ಬುದ್ಧಿ 5 ಇರುವ ಡೈಸಿ ವಾಕರ್ ಹಿಡಿದರೆ ಕಷ್ಟಕ್ಕಿಂತ ಎರಡು ಹೆಚ್ಚು. 16ರಲ್ಲಿ 13 ಟೋಕನ್ ಅವಳ ಪರ. ಆರು ಎಲ್ಲಿ, ಹದಿಮೂರು ಎಲ್ಲಿ! ಚೀಲವನ್ನು ಬೈಯುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ.

ಹಾಗಾದರೆ ರೋಲಂಡ್‌ನ ಕೆಲಸ ಹೊಡೆಯುವುದು. ಅವನು ಶತ್ರುವನ್ನು ಮುಗಿಸಿದಾಗ, ಸುತ್ತಿಗೊಮ್ಮೆ, ನಿಂತ ಜಾಗದ ಒಂದು ಸುಳಿವು ಪರೀಕ್ಷೆಯೇ ಇಲ್ಲದೆ ಸಿಗುತ್ತದೆ. ಜೊತೆಗೆ ‘ಎವಿಡೆನ್ಸ್!’ ಎಂಬ ಕಾರ್ಡ್ ಆಡಿದರೆ ಇನ್ನೊಂದು. ಅವನ ತನಿಖೆಯೂ ಕಾದಾಟದ ದಾರಿಯಲ್ಲೇ ಇದೆ ಎಂದಮೇಲೆ ಆಯುಧಕ್ಕೆ ಜಿಪುಣತನ ಬೇಡ. ಎರಡು ಮಚೆಟೆ, ಎರಡು .45 ಆಟೋಮ್ಯಾಟಿಕ್, ಅವನದೇ .38 ಸೇರಿ ಐದಾದರೆ, ಬೇಡದ ಕೈಯನ್ನು ಪೂರ್ತಿ ಬದಲಿಸುವ ಅವಕಾಶ ಬಳಸಿದಾಗ ಶುರುವಿನಲ್ಲೇ ಒಂದಾದರೂ ಆಯುಧ ಕಾಣುವ ಸಾಧ್ಯತೆ ಸುಮಾರು ಶೇ 88. ಮೂರೇ ಆಯುಧವಿದ್ದರೆ ಅದು ಶೇ 70ಕ್ಕೆ ಇಳಿಯುತ್ತದೆ. ಆಯುಧವಿಲ್ಲದ ಗಾರ್ಡಿಯನ್‌ಗೆ ಆ ಸಂಜೆ ಪ್ರೇಕ್ಷಕನ ಕೆಲಸ.

ಬೆಲೆಯ ಕಡೆಗೂ ಕಣ್ಣಿರಲಿ. ಶುರುವಿಗೆ ಐದು ಸಂಪನ್ಮೂಲ, ಸುತ್ತಿಗೆ ಇನ್ನೊಂದು. ಜೊತೆಗಾರ ಪೊಲೀಸನ ಕಾರ್ಡ್ ಬೀಟ್ ಕಾಪ್‌ಗೆ 4, .45ಕ್ಕೂ 4: ಇವೆರಡನ್ನೂ ಇಳಿಸಲು, ಆಕ್ಷನ್ ಖರ್ಚು ಮಾಡಿ ಸಂಪನ್ಮೂಲ ಎತ್ತದಿದ್ದರೆ, ನಾಲ್ಕನೇ ಸುತ್ತಿನವರೆಗೆ ಕಾಯಬೇಕು. ಸುತ್ತಿಗೆ ಇರುವುದು ಮೂರೇ ಆಕ್ಷನ್. ಕಾರ್ಡ್ ಇಳಿಸುವುದಕ್ಕೂ ಒಂದು ಹೋಗುತ್ತದೆ. ಹಾಗಾಗಿ ಸಂಪನ್ಮೂಲ ಕೊಡುವ ಎಮರ್ಜೆನ್ಸಿ ಕ್ಯಾಶ್‌ನ ಎರಡು ಪ್ರತಿಯನ್ನೂ ಹಾಕಿ. ನೀರಸ ಕಾರ್ಡ್, ನಿಜ. ಅನ್‌ಎಕ್ಸ್‌ಪೆಕ್ಟೆಡ್ ಕರೇಜ್ ಕೂಡ ಎರಡಿರಲಿ. ಬೆಲೆಯಿಲ್ಲ, ಯಾವ ಪರೀಕ್ಷೆಗಾದರೂ ಎರಡು ಅಂಕ ಕೊಡುತ್ತದೆ. ಮೇಲಿನ ಆರು–ಹದಿಮೂರರ ಅಂತರ ಎರಡೇ ಅಂಕದ್ದು ಎಂಬುದನ್ನು ನೆನಪಿಡಿ.

ನನ್ನನ್ನು ಈ ಆಟದಲ್ಲಿ ಹಿಡಿದಿಟ್ಟದ್ದು ಸನ್ನಿವೇಶಗಳ ನಡುವಿನ ಹೊತ್ತು. ಎಲ್ಲರೂ ಸೊನ್ನೆ ಮಟ್ಟದ ಕಾರ್ಡ್‌ಗಳಿಂದ ಶುರುಮಾಡಿ, ಗಳಿಸಿದ ಅನುಭವದ ಅಂಕ ಕೊಟ್ಟು ಮೇಲ್ಮಟ್ಟದವನ್ನು ತರುತ್ತಾರೆ. ಹಳೆಯ ಬೀಟ್ ಕಾಪ್ ಬದಲು ಎರಡನೇ ಮಟ್ಟದವನನ್ನು ತರಲು ಎರಡೇ ಅಂಕ, ಅಂತರವಷ್ಟೇ ತೆರಬೇಕು. ಇದರಿಂದ ಹೊಸಬರಿಗೆ ದೊಡ್ಡ ಉಪಕಾರವಿದೆ: ಮೊದಲ ಡೆಕ್ ಪರಿಪೂರ್ಣವಾಗಿರಬೇಕಿಲ್ಲ. ಮೊದಲ ಸನ್ನಿವೇಶದಲ್ಲಿ ಕೈಯಲ್ಲೇ ಕೊಳೆತ ಕಾರ್ಡ್ ಯಾವುದೆಂದು ಗುರುತಿಟ್ಟುಕೊಳ್ಳಿ, ಅಂಕ ಬಂದಾಗ ಅದನ್ನೇ ಕಿತ್ತುಹಾಕಿ. ನಾಲ್ಕನೇ ಮಟ್ಟದ ಶಾಟ್‌ಗನ್‌ಗೆ ಎಲ್ಲರೂ ಬಾಯಿಬಿಡುತ್ತಾರೆ. ಅದರ ಬೆಲೆ 5, ಎರಡೂ ಕೈ ಬೇಕು. ಆ ನಾಲ್ಕು ಅಂಕದಲ್ಲಿ ಇಬ್ಬರು ಬೀಟ್ ಕಾಪ್‌ಗಳನ್ನು ಬಡ್ತಿ ಮಾಡಬಹುದು. ನನ್ನ ಮತ ಅದಕ್ಕೇ.

ದೌರ್ಬಲ್ಯ ಕಾರ್ಡ್‌ಗಳ ಬಗ್ಗೆ ನನಗೆ ಇನ್ನೂ ಎರಡು ಮನಸ್ಸು. ರೋಲಂಡ್‌ನ ‘ಕವರ್ ಅಪ್’ ಚೆಂದದ ಶಿಕ್ಷೆ: ಮೂರು ಸುಳಿವು ಅದರ ಮೇಲೆ ಕೂರುತ್ತವೆ, ಸಿಗಬೇಕಾದ ಸುಳಿವನ್ನು ಬಿಟ್ಟುಕೊಟ್ಟು ಅವನ್ನು ತೆಗೆಯಬೇಕು, ತೆಗೆಯದೆ ಆಟ ಮುಗಿದರೆ ಮಾನಸಿಕ ಆಘಾತ ಮುಂದಿನ ಸನ್ನಿವೇಶಕ್ಕೂ ಹಿಂಬಾಲಿಸುತ್ತದೆ. ಕಥೆಗೆ ಒಪ್ಪುವಂಥದ್ದು. ಕಣ್ಣುಮುಚ್ಚಿ ಎಳೆಯುವ ಇನ್ನೊಂದು ದೌರ್ಬಲ್ಯದಲ್ಲಿ ಆ ನ್ಯಾಯ ಇಲ್ಲ. ಒಬ್ಬರಿಗೆ ಸೊಳ್ಳೆಕಡಿತ, ಇನ್ನೊಬ್ಬರಿಗೆ ಹಾವು.

ಕೊರತೆಗಳಲ್ಲಿ ದೊಡ್ಡದು ಕಾರ್ಡ್ ಹಂಚಿಕೆ. ಪೆಟ್ಟಿಗೆ ಒಂದೇ ಇದ್ದು ರೋಲಂಡ್ ಮತ್ತು ಡೈಸಿ ಜೊತೆಗೆ ಹೊರಟರೆ ಸೀಕರ್ ಕಾರ್ಡ್‌ಗಳಿಗೆ ಜಗಳ ಖಚಿತ. ಎಲ್ಲವನ್ನೂ ಡೈಸಿಗೆ ಕೊಡಿ, ರೋಲಂಡ್ ಅವಳ ಮುಂದೆ ನಿಲ್ಲಲಿ. ಒಬ್ಬರೇ ಆಡುವವರಿಗೆ ಮಾತ್ರ ಈ ಕೆಲಸ ಹಂಚಿಕೆಯ ಸೌಲಭ್ಯವಿಲ್ಲ. ಹೊಡೆಯುವುದೂ ಹುಡುಕುವುದೂ ಒಂದೇ ಡೆಕ್‌ನಿಂದ ಆಗಬೇಕು. ಅಂಥವರು ಆರಂಭದಲ್ಲಿ ಎರಡು ಪಾತ್ರಗಳನ್ನು ತಾವೇ ನಡೆಸುವುದು ಉತ್ತಮ. ಮೇಜು ತುಂಬುತ್ತದೆ, ಸುತ್ತು ಉದ್ದವಾಗುತ್ತದೆ, ಆದರೆ ಡೆಕ್ ಕಟ್ಟುವುದು ಕಲಿಯಲು ಅದೇ ಸಲೀಸು.