ಮಕ್ಕಳ ಗೇಮ್‌ನಲ್ಲಿ ದುಡ್ಡಿನ ಬಾಕ್ಸ್ ಇದೆಯಾ? ಇವತ್ತೇ ನೋಡಿ

ಮಕ್ಕಳ ಕೈಗೆ ಫೋನ್ ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉತ್ತರ ಕನ್ನಡದ ತದಡಿಯಲ್ಲಿರುವ ನನ್ನ ಅಕ್ಕನ ಖಾತೆಯಿಂದ ಈ ಮಳೆಗಾಲದಲ್ಲಿ ಹದಿನೆಂಟು ಸಾವಿರ ರೂಪಾಯಿ ಹೋಯಿತು. ಯಾರೂ ಫೋನ್ ಮಾಡಿ ಒಟಿಪಿ ಕೇಳಿರಲಿಲ್ಲ, ಯಾವ ಲಿಂಕೂ ಬಂದಿರಲಿಲ್ಲ. ಎಂಟನೇ ಕ್ಲಾಸಿನ ಮಗ ಗೇಮ್‌ನಲ್ಲಿ ಲೂಟ್ ಬಾಕ್ಸ್, ಅಂದರೆ ಒಳಗೆ ಏನಿದೆ ಎಂದು ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ, ತೆರೆಯುತ್ತಾ ಹೋಗಿದ್ದ.

ಭಾವ ಮೀನು ಹಿಡಿಯಲು ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅವೆಲ್ಲ ದಡದಲ್ಲೇ ಇರುತ್ತವೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ಎರಡು ತಿಂಗಳು ಮನೆ ನಡೆಯುವುದು ಮೊದಲೇ ಉಳಿಸಿಟ್ಟ ದುಡ್ಡಿನಲ್ಲಿ. ಅಕ್ಕನಿಗೆ ಕರೆಂಟ್ ಬಿಲ್, ರೀಚಾರ್ಜ್ ಎಲ್ಲ ಮಾಡಿಕೊಡುವವನು ಮಗನೇ. ಹಾಗಾಗಿ ಯುಪಿಐ ಪಿನ್ ಅವನಿಗೆ ಗೊತ್ತು. ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಜೋರು ಮಳೆ ಅಂತ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ಫೋನ್ ಅವನ ಹತ್ತಿರವೇ ಇರುತ್ತಿತ್ತು. ಬ್ಯಾಂಕಿನ ಮೆಸೇಜೂ ಅದೇ ಫೋನಿಗೆ ಬಂದು ಅಲ್ಲೇ ಅಳಿಸಿ ಹೋಗುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ದುಡ್ಡು ಕಳಿಸಲು ಹೋಗಿ ಖಾತೆಯಲ್ಲಿ ಹಣ ಇಲ್ಲ ಅಂತ ಬಂದಾಗಲೇ ಅಕ್ಕನಿಗೆ ಗೊತ್ತಾಗಿದ್ದು.

ಆ ಬಾಕ್ಸ್ ಹೇಗಿರುತ್ತದೆ ಅಂತ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಒತ್ತಿದ ಕೂಡಲೇ ಪೆಟ್ಟಿಗೆ ಅಲುಗಾಡುತ್ತದೆ, ಬೆಳಕು ಬರುತ್ತದೆ, ಸಾಮಾನುಗಳ ಸಾಲು ಗರಗರ ಓಡುತ್ತದೆ. ಅವನಿಗೆ ಬೇಕಿದ್ದದ್ದು ಬಂಗಾರದ ಬಣ್ಣದ ಗನ್ ಸ್ಕಿನ್, ಅಂದರೆ ಗೇಮ್‌ನೊಳಗಿನ ಗನ್ನಿನ ಹೊರ ಅಲಂಕಾರ. ಅದು ಕಣ್ಣೆದುರೇ ಬಂದು, ನಿಧಾನವಾಗಿ, ಒಂದೇ ಒಂದು ಮನೆ ದಾಟಿ ನಿಲ್ಲುತ್ತದೆ. ಕೈಗೆ ಬರುವುದು ಟೋಪಿಯೋ ಬ್ಯಾಗಿನ ಬಣ್ಣವೋ. "ನೋಡು ಮಾವ, ಸ್ವಲ್ಪದರಲ್ಲಿ ತಪ್ಪಿತು" ಅಂದ. ಸ್ವಲ್ಪದರಲ್ಲಿ ತಪ್ಪಿದ್ದು ಏನೂ ಇಲ್ಲ. ಬಟನ್ ಒತ್ತಿದಾಗಲೇ ಏನು ಕೊಡಬೇಕು ಎಂಬುದು ತೀರ್ಮಾನವಾಗಿರುತ್ತದೆ, ಆಮೇಲೆ ತಿರುಗುವುದೆಲ್ಲ ಬರೀ ತೋರಿಕೆ.

ದರವೂ ಹಾಗೆಯೇ. ಗೇಮ್‌ನೊಳಗಿನ ದುಡ್ಡಾದ ಕಾಯಿನ್ ನೂರಕ್ಕೆ 89 ರೂಪಾಯಿ, ಒಂದು ಬಾಕ್ಸಿಗೆ 60 ಕಾಯಿನ್. ಒಂದು ತೆರೆದರೆ 40 ಉಳಿಯುತ್ತದೆ, ಇನ್ನೊಂದಕ್ಕೆ 20 ಕಡಿಮೆ. ಮತ್ತೆ 89 ಕೊಡಬೇಕು. ರೂಪಾಯಿ ಲೆಕ್ಕ ಮಗುವಿನ ತಲೆಯಿಂದ ಹೋಗಿ ಬರೀ ಕಾಯಿನ್ ಲೆಕ್ಕ ಉಳಿಯುತ್ತದೆ.

ಬಾಕ್ಸ್‌ನಲ್ಲಿ ಯಾವುದು ಬರುವ ಸಾಧ್ಯತೆ ಎಷ್ಟು ಎಂದು ತೋರಿಸಲೇಬೇಕು ಅಂತ ಆ್ಯಪಲ್ 2017ರಲ್ಲಿ, ಗೂಗಲ್ 2019ರಲ್ಲಿ ನಿಯಮ ಮಾಡಿವೆ. ಈ ಗೇಮ್‌ನಲ್ಲೂ ತೋರಿಸಿದ್ದರು. ಮೂಲೆಯ ಪುಟ್ಟ ಗುರುತು ಒತ್ತಿದರೆ ಸಣ್ಣ ಅಕ್ಷರದ ಉದ್ದ ಪಟ್ಟಿ, ಅದರ ಕೊನೆಯಲ್ಲಿ ಆ ಗನ್‌ಗೆ ಶೇ. 1. ಹಾಗಾದರೆ ನೂರು ಬಾಕ್ಸ್ ತೆರೆದರೆ ಒಂದು ಸಿಕ್ಕೇ ಸಿಗುತ್ತದೆ ಎಂದು ಹುಡುಗ ನಂಬಿದ್ದ. ದೊಡ್ಡವರೂ ಹಾಗೇ ನಂಬುತ್ತಾರೆ. ಆದರೆ ಪ್ರತಿ ಬಾಕ್ಸೂ ಹೊಸದು, ಹಿಂದಿನ ತೊಂಬತ್ತೊಂಬತ್ತರ ಲೆಕ್ಕ ಅದಕ್ಕಿಲ್ಲ. ನೂರು ತೆರೆದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ, ಸುಮಾರು ಶೇ. 37ರಷ್ಟು, ಆ ಗನ್ ಸಿಗದೆಯೇ ಉಳಿಯುತ್ತಾರೆ. ಓಸಿ (ಮಟ್ಕಾ) ಬರೆಯುವವರು "ಈ ನಂಬರ್ ಬಂದು ಬಹಳ ದಿನ ಆಯ್ತು, ಇವತ್ತು ಬರುತ್ತೆ" ಅನ್ನುವುದು ಇದೇ ನಂಬಿಕೆಯಿಂದ.

ಇದು ಜೂಜೇ ಅಲ್ವಾ? ನನ್ನ ಮಟ್ಟಿಗೆ ಹೌದು. ದುಡ್ಡು ಕೊಡುತ್ತೀರಿ, ಅದೃಷ್ಟದ ಮೇಲೆ ಏನೋ ಸಿಗುತ್ತದೆ ಅಥವಾ ಸಿಗುವುದಿಲ್ಲ. ಗೆದ್ದ ಸಾಮಾನನ್ನು ಮಾರಿ ದುಡ್ಡು ಮಾಡಲಾಗದು, ಹಾಗಾಗಿ ಜೂಜಲ್ಲ ಅನ್ನುವುದು ಕಂಪನಿಗಳ ವಾದ. ಬೆಲ್ಜಿಯಂನ ಜೂಜು ಆಯೋಗ 2018ರಲ್ಲೇ ಈ ವಾದ ಒಪ್ಪದೆ, ದುಡ್ಡಿನ ಲೂಟ್ ಬಾಕ್ಸ್ ಕಾನೂನುಬಾಹಿರ ಜೂಜು ಎಂದಿತು. ಆದರೆ ನೆದರ್ಲೆಂಡ್ಸ್‌ನಲ್ಲಿ ಲೂಟ್ ಬಾಕ್ಸ್‌ಗಾಗಿ ಒಂದು ದೊಡ್ಡ ಕಂಪನಿಗೆ ಹಾಕಿದ 1 ಕೋಟಿ ಯೂರೋ ದಂಡವನ್ನು 2022ರಲ್ಲಿ ಅಲ್ಲಿನ ಕೋರ್ಟ್ ರದ್ದು ಮಾಡಿತು. ಬ್ರಿಟನ್ ಸರ್ಕಾರವೂ ಅದೇ ವರ್ಷ ಜೂಜಿನ ಕಾನೂನಿಗೆ ಇದನ್ನು ಸೇರಿಸುವುದಿಲ್ಲ ಎಂದಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮೇಲೆ ನಿಷೇಧ ಹೇರಿದೆ. ಲೂಟ್ ಬಾಕ್ಸ್ ಅಂತ ಅದರಲ್ಲಿ ಹೆಸರಿಲ್ಲ.

ಹೆಸರಿಲ್ಲದ್ದರ ಬಿಸಿ ಅಕ್ಕನಿಗೆ ತಟ್ಟಿತು. ಬ್ಯಾಂಕಿನಲ್ಲಿ ಸರಿಯಾದ ಪಿನ್ ಹಾಕಿದ್ದಾರೆ, ನಮ್ಮದೇನೂ ಇಲ್ಲ ಎಂದರು. 1930 ಸಹಾಯವಾಣಿ ಇರುವುದು ಸೈಬರ್ ವಂಚನೆಗೆ, ಇಲ್ಲಿ ವಂಚಿಸಿದವರು ಯಾರು ಎಂದು ಬರೆಸುವುದು? ಬಾಕ್ಸ್ ತೆರೆದಾಗಿದೆ, ವಾಪಸ್ ಇಲ್ಲ ಎಂದು ಗೇಮ್ ಕಂಪನಿಯ ಉತ್ತರ ಬಂತು. ಭಾವ ಬೋಟಿನ ಮಾಲೀಕರ ಹತ್ತಿರ ಮುಂಗಡ ತಂದು ಮನೆ ನಡೆಸಿದರು.

ಹುಡುಗನಿಗೆ ಯಾರೂ ಹೊಡೆಯಬಾರದು ಎಂದು ನಾನು ಹಟ ಹಿಡಿದೆ. ದೊಡ್ಡ ದೊಡ್ಡ ಕಂಪನಿಗಳು ಕೂತು ಕಟ್ಟಿದ ಆಟದ ಎದುರು ಹದಿಮೂರರ ಮಗು ಏನು ಮಾಡೀತು?

ನೀವು ಮಾಡಬೇಕಾದ್ದು ಹೇಳುತ್ತೇನೆ. ಯುಪಿಐ ಪಿನ್ ಬದಲಿಸಿ, ಮಕ್ಕಳಿಗೆ ಹೇಳಬೇಡಿ. ಮನೆಖರ್ಚಿನ ದುಡ್ಡು ಇರುವ ಖಾತೆಯನ್ನು ಮಗು ಬಳಸುವ ಫೋನಿಗೆ ಜೋಡಿಸಲೇಬೇಡಿ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಏನಾದರೂ ಹೋಗಿದ್ದರೆ 48 ಗಂಟೆಯೊಳಗೆ ರೀಫಂಡ್ ಕೇಳಿ, ತಡ ಮಾಡಿದಷ್ಟೂ ಕಷ್ಟ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಒಳಗೆ ಹೋದರೆ ಈವರೆಗಿನ ಖರೀದಿಯ ಪಟ್ಟಿ ಸಿಗುತ್ತದೆ. ಮೆಸೇಜು ಅಳಿಸಿದರೂ ಅಲ್ಲಿ ಇರುತ್ತದೆ. ದೊಡ್ಡ ಮೊತ್ತ ಹುಡುಕಬೇಡಿ. ಅಕ್ಕನ ಹದಿನೆಂಟು ಸಾವಿರವೂ 89, 89 ಎಂದೇ ಹೋಗಿತ್ತು.